ಹೈಸ್ಕೂಲಿನಲ್ಲಿ ಗಳಿಸಿದ ಕ್ರೆಡಿಟ್ ತಾನಾಗಿಯೇ ಬರುವುದಿಲ್ಲ

ಮಾನ್ಯರೇ,

ಅಮೆರಿಕದಲ್ಲಿ ಹೈಸ್ಕೂಲ್ ಓದುತ್ತಲೇ ‘ಡ್ಯುಯಲ್ ಎನ್‌ರೋಲ್‌ಮೆಂಟ್’ ಮೂಲಕ ಕಮ್ಯುನಿಟಿ ಕಾಲೇಜಿನ (ಸ್ಥಳೀಯ ಎರಡು ವರ್ಷದ ಕಾಲೇಜು) ಕೋರ್ಸ್ ಮುಗಿಸಿ, ಮುಂದೆ ವಿಶ್ವವಿದ್ಯಾಲಯ ಸೇರುವ ಮಕ್ಕಳ ಪೋಷಕರು ಪದೇ ಪದೇ ಎಡವುವುದು ಒಂದೇ ಕಡೆ. ಹೈಸ್ಕೂಲ್ ಅಂಕಪಟ್ಟಿಯಲ್ಲಿ ಕೋರ್ಸ್ ನಮೂದಾಗಿದೆ, ಉಳಿದದ್ದನ್ನು ವಿಶ್ವವಿದ್ಯಾಲಯ ನೋಡಿಕೊಳ್ಳುತ್ತದೆ ಎಂದು ಸುಮ್ಮನಾಗುತ್ತಾರೆ. ಅಷ್ಟು ಸಾಲದು. ಕ್ರೆಡಿಟ್, ಅಂದರೆ ಕೋರ್ಸ್ ಮುಗಿಸಿದ್ದಕ್ಕೆ ಸಿಗುವ, ಪದವಿಗೆ ಲೆಕ್ಕ ಹಿಡಿಯುವ ಅಂಶ, ಕೊಟ್ಟದ್ದು ಕಾಲೇಜು. ಅಧಿಕೃತ ಟ್ರಾನ್ಸ್‌ಕ್ರಿಪ್ಟ್ (ಕಾಲೇಜಿನ ಅಂಕಪಟ್ಟಿ) ಆ ಕಾಲೇಜಿನ ರಿಜಿಸ್ಟ್ರಾರ್ ಕಚೇರಿಯಿಂದಲೇ ನೇರವಾಗಿ ವಿಶ್ವವಿದ್ಯಾಲಯಕ್ಕೆ ಹೋಗಬೇಕು. ವಿದ್ಯಾರ್ಥಿ ಡೌನ್‌ಲೋಡ್ ಮಾಡಿ ಕಳಿಸಿದ ಪ್ರತಿ ನಡೆಯದು. ಕೊನೆಯ ಸೆಮಿಸ್ಟರಿನ ಗ್ರೇಡ್ ದಾಖಲಾಗುವ ಮೊದಲೇ ಕಳಿಸಿದರೆ ಕೋರ್ಸ್ ಇನ್ನೂ ನಡೆಯುತ್ತಿದೆ ಎಂದು ಕಾಣುತ್ತದೆ, ಕ್ರೆಡಿಟ್ ಸಿಗುವುದಿಲ್ಲ. ಶುಲ್ಕ ಬಾಕಿಯಿದ್ದರೆ ಟ್ರಾನ್ಸ್‌ಕ್ರಿಪ್ಟ್ ತಡೆಹಿಡಿಯುವುದೂ ಉಂಟು. ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್: ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಪರೀಕ್ಷೆ) ಅಂಕಗಳನ್ನು ಪ್ರತ್ಯೇಕವಾಗಿ, ಆ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ಮೂಲಕ ಕಳಿಸಬೇಕು. ಒಂದೇ ವಿಷಯಕ್ಕೆ ಎಪಿ, ಕಾಲೇಜು ಕೋರ್ಸ್ ಎರಡೂ ಇದ್ದರೆ ಸಾಮಾನ್ಯವಾಗಿ ಕ್ರೆಡಿಟ್ ಒಂದೇ ಸಲ.

ಇನ್ನು, ವಿಶ್ವವಿದ್ಯಾಲಯ ಒಪ್ಪಿಕೊಂಡ ಕ್ರೆಡಿಟ್ಟೆಲ್ಲ ಪದವಿಯ ಲೆಕ್ಕಕ್ಕೆ ಬರುತ್ತದೆ ಎಂದುಕೊಳ್ಳಬಾರದು. ನಿಜವಾದ ನಷ್ಟ ಆಗುವುದು ಇಲ್ಲಿಯೇ. ಕಮ್ಯುನಿಟಿ ಕಾಲೇಜಿನ ಕ್ಯಾಲ್ಕುಲಸ್ ತನ್ನ ಕ್ಯಾಲ್ಕುಲಸ್‌ಗೆ ಸಮ ಎಂದು ವಿಶ್ವವಿದ್ಯಾಲಯ ಒಪ್ಪದಿದ್ದರೆ ಅದು ಬರೀ ಐಚ್ಛಿಕ ಕ್ರೆಡಿಟ್ ಆಗಿ ಕೂರುತ್ತದೆ. ಎಂಜಿನಿಯರಿಂಗ್ ಸೇರಿದ ಹುಡುಗ ಅದೇ ಪಾಠವನ್ನು ಶುಲ್ಕ ಕಟ್ಟಿ ಮತ್ತೆ ಓದಬೇಕು. ಆದ್ದರಿಂದ ಸಿಲಬಸ್ ಎಸೆಯಬೇಡಿ. ವಾರವಾರದ ಪಾಠ, ಪಠ್ಯಪುಸ್ತಕ, ಅಂಕ ಹಂಚಿಕೆ ಇರುವ ಪೂರ್ಣ ಪ್ರತಿ ಕೈಯಲ್ಲಿದ್ದರೆ ಸಂಬಂಧಪಟ್ಟ ವಿಭಾಗಕ್ಕೆ ಮರುಪರಿಶೀಲನೆಗೆ ಬರೆಯಬಹುದು. ಕೋರ್ಸ್ ಸೇರುವ ಮುನ್ನವೇ ಸಮಾನತೆ ನೋಡಿಕೊಳ್ಳುವುದು ಇನ್ನೂ ಒಳ್ಳೆಯದು: ಕ್ಯಾಲಿಫೋರ್ನಿಯಾದ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ‘ಅಸಿಸ್ಟ್’ ಜಾಲತಾಣವಿದೆ, ಬೇರೆಡೆಯ ಹಲವು ಸಂಸ್ಥೆಗಳ ಮಾಹಿತಿ ‘ಟ್ರಾನ್ಸ್‌ಫರಾಲಜಿ’ಯಲ್ಲಿ ಸಿಗುತ್ತದೆ. ಹೈಸ್ಕೂಲ್ ಡಿಪ್ಲೊಮಾಗೆ (ಹೈಸ್ಕೂಲ್ ಮುಗಿಸಿದ ಪ್ರಮಾಣಪತ್ರ) ಲೆಕ್ಕವಾದ ಕೋರ್ಸನ್ನು ಒಪ್ಪದ ಖಾಸಗಿ ವಿಶ್ವವಿದ್ಯಾಲಯಗಳೂ ಇವೆ.

ವರ್ಷವನ್ನು ಸೆಮಿಸ್ಟರಿಗಿಂತ ಚಿಕ್ಕ ಅವಧಿಗಳಾಗಿ ಹಂಚುವ ಕ್ವಾರ್ಟರ್ ಪದ್ಧತಿಯ 4 ಕ್ರೆಡಿಟ್ ಸೆಮಿಸ್ಟರ್ ಲೆಕ್ಕದಲ್ಲಿ 2.67 ಮಾತ್ರ, 3 ಕ್ರೆಡಿಟ್ ಬೇಕಾದಲ್ಲಿ ಈ ಅಲ್ಪ ಕೊರತೆಯೂ ತೊಡಕಾಗಬಹುದು.

ಗ್ರೇಡ್ ವಿಚಾರವನ್ನೂ ಹಗುರವಾಗಿ ತೆಗೆದುಕೊಳ್ಳಬಾರದು. ಸಾಮಾನ್ಯವಾಗಿ ‘ಸಿ’ ಅಥವಾ ಮೇಲಿನ ಗ್ರೇಡ್ ಇದ್ದರಷ್ಟೇ ಕ್ರೆಡಿಟ್ ವರ್ಗವಾಗುತ್ತದೆ. ಆದರೆ ಕಡಿಮೆ ಗ್ರೇಡ್ ಕಾಲೇಜಿನ ದಾಖಲೆಯಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಮುಂದೆ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕುವಾಗ ಹೈಸ್ಕೂಲಿನಲ್ಲಿದ್ದಾಗ ಓದಿದ ಕಾಲೇಜು ಕೋರ್ಸ್‌ಗಳನ್ನೂ ತೋರಿಸಲೇಬೇಕು. ಹದಿನಾರರ ಮಕ್ಕಳನ್ನು ಕೈಗೆ ಸಿಕ್ಕ ಕೋರ್ಸ್‌ಗಳಿಗೆಲ್ಲ ಸೇರಿಸುವ ಆತುರ ನನಗಂತೂ ಸರಿ ಕಾಣದು.

ಮೊದಲ ಸೆಮಿಸ್ಟರಿನ ಕೋರ್ಸ್ ನೋಂದಣಿ ಬಹುತೇಕ ಬೇಸಿಗೆಯ ಓರಿಯೆಂಟೇಷನ್ (ಹೊಸ ವಿದ್ಯಾರ್ಥಿಗಳ ಪರಿಚಯ ಕಾರ್ಯಕ್ರಮ) ವೇಳೆಗೇ ನಡೆಯುತ್ತದೆ. ಅಷ್ಟರಲ್ಲಿ ಕ್ರೆಡಿಟ್ ದಾಖಲಾಗಿಲ್ಲದಿದ್ದರೆ ಅನಧಿಕೃತ ಟ್ರಾನ್ಸ್‌ಕ್ರಿಪ್ಟನ್ನಾದರೂ ಸಲಹೆಗಾರರಿಗೆ ತೋರಿಸಿ, ಮುಂದಿನ ಹಂತದ ಕೋರ್ಸಿಗೆ ಅನುಮತಿ ಕೇಳಬೇಕು.

– ಓದುಗ