385 ಕಿಲೋಮೀಟರ್‌ಗೆ ಎರಡು ರಾತ್ರಿ ಜಾಸ್ತಿ ಯಾಕೆ?

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ಕೆನಡಾದ ಉತ್ತರ ತುದಿಯ ನಮ್ಮ ಪ್ರವಾಸದ ದರಪಟ್ಟಿ ಬದಲಾಗಿದೆ. ರೆಸಲ್ಯೂಟ್‌ನಿಂದ ಗ್ರೀಸ್ ಫಿಯರ್ಡ್‌ಗೆ ಹೋಗಿಬರುವ ಭಾಗಕ್ಕೆ ಇನ್ನು ಮುಂದೆ ಎರಡು ಹೆಚ್ಚುವರಿ ರಾತ್ರಿಗಳ ಖರ್ಚನ್ನು ಮೊದಲೇ ಸೇರಿಸುತ್ತೇವೆ. ಆ ರಾತ್ರಿಗಳು ಬೇಕಾಗದಿದ್ದರೆ ರೂಮು, ಊಟದ ಹಣ ನಿಮಗೆ ವಾಪಸ್.

ಹಲವರು ಫೋನ್ ಮಾಡಿ ಕೇಳಿದಿರಿ: ಅಷ್ಟು ದೂರಕ್ಕೆ ಇಷ್ಟೊಂದು ದುಡ್ಡಾ? ನ್ಯಾಯವಾದ ಪ್ರಶ್ನೆಯೇ. ಈ ಎರಡು ಊರುಗಳ ನಡುವೆ ಆಕಾಶಮಾರ್ಗದಲ್ಲಿ ಸುಮಾರು 385 ಕಿ.ಮೀ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿದರೂ ಹೆಚ್ಚುಕಡಿಮೆ ಅಷ್ಟೇ. ಗೋಡೆಗೆ ನೇತುಹಾಕುವ ಪ್ರಪಂಚದ ನಕ್ಷೆಯಲ್ಲಿ ಮಾತ್ರ ಇದು ನಾಲ್ಕು ಪಟ್ಟು ಉದ್ದ ಕಾಣುತ್ತದೆ. ಉತ್ತರಕ್ಕೆ ಹೋದಷ್ಟೂ ಆ ನಕ್ಷೆ ಹಿಗ್ಗುತ್ತದೆ. ಸಮಭಾಜಕದ ಹತ್ತಿರ ಒಂದು ಡಿಗ್ರಿ ರೇಖಾಂಶ ಎಂದರೆ 111 ಕಿ.ಮೀ., 75 ಡಿಗ್ರಿ ಉತ್ತರದಲ್ಲಿ ಅದು 29ಕ್ಕೆ ಇಳಿಯುತ್ತದೆ. ನಕ್ಷೆ ಮಾತ್ರ ಎರಡನ್ನೂ ಒಂದೇ ಅಗಲಕ್ಕೆ ಬರೆಯುತ್ತದೆ. ಸ್ಕೇಲ್ ಇಟ್ಟು ಅಳೆದವರು ಸುಮ್ನೆ ಹೆದರಬೇಡಿ.

ಖರ್ಚು ಬರುವುದು ಬೇರೆ ಕಡೆಯಿಂದ. ಈ ಊರುಗಳ ನಡುವೆ ರಸ್ತೆ ಇಲ್ಲ. ಸಾಮಾನಿನ ಹಡಗು ಬರುವುದು ಬೇಸಿಗೆಯಲ್ಲಿ, ಮಂಜುಗಡ್ಡೆ ಕರಗಿದ ಕೆಲವೇ ವಾರ. 2021ರ ಜನಗಣತಿಯಲ್ಲಿ ರೆಸಲ್ಯೂಟ್‌ನಲ್ಲಿ 183 ಜನ, ಗ್ರೀಸ್ ಫಿಯರ್ಡ್‌ನಲ್ಲಿ 144. ಇಷ್ಟು ಜನಕ್ಕೆ ದೊಡ್ಡ ವಿಮಾನ ಯಾರು ಓಡಿಸುತ್ತಾರೆ? ಇಲ್ಲಿ ಹಾರುವುದು ಟ್ವಿನ್ ಆಟರ್, ಎರಡು ಪ್ರೊಪೆಲ್ಲರ್‌ನ ಪುಟ್ಟ ವಿಮಾನ. ಭರ್ತಿ ಸೀಟು ಹಾಕಿದರೂ 19 ಜನ, ಸೀಟು ತೆಗೆದು ಸಾಮಾನು ತುಂಬಿದರೆ ಇನ್ನೂ ಕಡಿಮೆ. ಊರಿನವರ ತರಕಾರಿ, ಔಷಧಿ, ಅಂಚೆ ಎಲ್ಲಾ ವಿಮಾನದಲ್ಲೇ ಬರಬೇಕು. ಅವರ ಹಾಲಿನ ಡಬ್ಬಕ್ಕಿಂತ ನಮ್ಮ ಸೂಟ್‌ಕೇಸ್ ಮುಖ್ಯ ಎಂದು ನಾವಂತೂ ವಾದ ಮಾಡುವುದಿಲ್ಲ.

ಹಾರಾಟ ಒಂದೂವರೆ ಗಂಟೆಯ ಆಸುಪಾಸು. ಕೆಳಗೆ ಡೆವನ್ ದ್ವೀಪ, ಆಮೇಲೆ ಜೋನ್ಸ್ ಸೌಂಡ್ ಎಂಬ ಜಲಸಂಧಿಯ ಮಂಜುಗಡ್ಡೆ. ತೊಂದರೆ ಇರುವುದು ಇಳಿಯುವಾಗ. ಗ್ರೀಸ್ ಫಿಯರ್ಡ್‌ನ ರನ್‌ವೇ ಗಿಡ್ಡ, ಡಾಂಬರಿಲ್ಲ, ಬರೀ ಜಲ್ಲಿ. ಪಕ್ಕದಲ್ಲೇ ಗುಡ್ಡ. ರನ್‌ವೇ ಕಣ್ಣಿಗೆ ಕಾಣದಿದ್ದರೆ, ಗಾಳಿ ಅಡ್ಡ ಬೀಸಿದರೆ ಪೈಲಟ್ ಇಳಿಸುವುದಿಲ್ಲ. ಪಕ್ಕದೂರಿಗೆ ಹೋಗಿ ಇಳಿಯೋಣ ಎಂದರೆ ಪಕ್ಕದೂರು ಇಲ್ಲ. ಬಂದ ದಾರಿಯಲ್ಲೇ ರೆಸಲ್ಯೂಟ್‌ಗೆ ವಾಪಸ್ ಬರಬೇಕು. ಅದಕ್ಕೆ ಬೇಕಾದ ಇಂಧನವನ್ನೂ ಹೊರಡುವಾಗಲೇ ತುಂಬಿಕೊಳ್ಳುತ್ತಾರೆ. ಇಂಧನದ ತೂಕ ಹೆಚ್ಚಿದಷ್ಟೂ ಜನ, ಸಾಮಾನು ಕಡಿಮೆ. ಕಾಂತೀಯ ಧ್ರುವದ ಕಡೆಯ ಸೀಮೆ ಬೇರೆ, ದಿಕ್ಸೂಚಿಯನ್ನು ನಂಬುವ ಹಾಗಿಲ್ಲ. ಆದ್ದರಿಂದ ಅಲ್ಲಿ ದಿಕ್ಕನ್ನು ನಿಜವಾದ ಉತ್ತರದಿಂದಲೇ, ಅಂದರೆ ಭೂಗೋಳದ ಉತ್ತರ ಧ್ರುವದ ದಿಕ್ಕಿನಿಂದಲೇ, ಲೆಕ್ಕ ಹಾಕುತ್ತಾರೆ.

ಹೀಗಾಗಿ ಮಂಗಳವಾರದ ವಿಮಾನ ಗುರುವಾರ ಹೊರಟರೆ ಅಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಎರಡೇ ದಿನದಲ್ಲಿ ಮೋಡ ಸರಿಯುತ್ತದೆ ಎಂಬ ಗ್ಯಾರಂಟಿಯನ್ನೂ ನಾವು ಕೊಡುವುದಿಲ್ಲ. ಆದರೆ ಎರಡು ರಾತ್ರಿ ಕೈಯಲ್ಲಿದ್ದರೆ ಇಕಾಲುಯಿಟ್, ಒಟ್ಟಾವಾ ಮೂಲಕ ವಾಪಸ್ ಬರುವ ಟಿಕೆಟ್‌ಗಳು ಕೈತಪ್ಪುವುದು ಕಡಿಮೆ. ಅವುಗಳನ್ನು ಕೊನೆ ಗಳಿಗೆಯಲ್ಲಿ ಹೊಸದಾಗಿ ಕೊಳ್ಳುವುದಕ್ಕಿಂತ ಈ ಖರ್ಚೇ ವಾಸಿ.

ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆಯ ದರವೇ. ಬೇಕೆಂದರೆ ಎರಡು ರಾತ್ರಿ ಸೇರಿಸಿಕೊಳ್ಳಬಹುದು, ಹೊರಡುವ ಒಂದು ತಿಂಗಳು ಮೊದಲು ತಿಳಿಸಿ. ಗಟ್ಟಿ ಸೂಟ್‌ಕೇಸ್ ಬಿಟ್ಟು ಮೆತ್ತನೆಯ ಬ್ಯಾಗ್ ತನ್ನಿ. ಚಳಿಯ ಬಟ್ಟೆ, ಮಾತ್ರೆಗಳು ಕೈಚೀಲದಲ್ಲೇ ಇರಲಿ, ದೊಡ್ಡ ಬ್ಯಾಗ್ ಮುಂದಿನ ವಿಮಾನಕ್ಕೆ ಉಳಿಯಬಹುದು.

ಇಂತಿ,
ನಿಮ್ಮ ಪ್ರವಾಸ ಸಹಕಾರಿ ಬಳಗ