ಶಾಲಾ ಕಟ್ಟಡದ ಅಗ್ನಿ ಸುರಕ್ಷತಾ ದಾಖಲೆಗಳ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರಿಗೆ ನಮಸ್ಕಾರಗಳು.

ವಿಷಯ: ಅಗ್ನಿಶಾಮಕ ಇಲಾಖೆಗೆ ಸಲ್ಲಿಸಬೇಕಾದ ಕಟ್ಟಡ ಸುರಕ್ಷತಾ ದಾಖಲೆಗಳ ಸಿದ್ಧತೆ ಮತ್ತು ಅದಕ್ಕೆ ತಮ್ಮ ಸಹಕಾರ ಕೋರಿ.

ನಮ್ಮ ಶಾಲೆಯ ಮಾನ್ಯತೆ ನವೀಕರಣ ಈ ಸಾಲಿನಲ್ಲಿ ಬಂದಿರುವುದರಿಂದ, ಲೋಕೋಪಯೋಗಿ ಇಲಾಖೆಯ ಎಂಜಿನಿಯರರಿಂದ ಕಟ್ಟಡ ಸುರಕ್ಷತಾ ಪ್ರಮಾಣಪತ್ರವನ್ನೂ ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯಿಂದ ಅಗ್ನಿ ಸುರಕ್ಷತಾ ಪತ್ರವನ್ನೂ ಪಡೆಯಬೇಕಾಗಿದೆ. ದೈಹಿಕ ಶಿಕ್ಷಕರು ಟೇಪು ಹಿಡಿದು ಮೆಟ್ಟಿಲು, ಬಾಗಿಲುಗಳನ್ನು ಅಳೆಯುತ್ತಿರುವುದನ್ನು ಮಕ್ಕಳು ಮನೆಯಲ್ಲಿ ಹೇಳಿರಬಹುದು. ಅದು ಈ ಕೆಲಸದ ಭಾಗವೇ. ದಾಖಲೆಗಳ ಬಹುಪಾಲನ್ನು ಶಾಲೆಯೇ ಸಿದ್ಧಪಡಿಸುತ್ತದೆ. ಆದರೆ ಅದರಲ್ಲಿ ತಮ್ಮ ಹೊರತು ಬೇರಾರೂ ತುಂಬಲಾಗದ ಕೆಲವು ಅಂಶಗಳಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಇಂಥ ಕಡತವನ್ನು ತಪಾಸಣೆಯ ದಿನ ತೋರಿಸಿ ಮತ್ತೆ ಬೀರುವಿನಲ್ಲಿಡುವ ಕಾಗದಪತ್ರವೆಂದು ನೋಡುವ ರೂಢಿ ಎಲ್ಲೆಡೆ ಇದೆ. ನನ್ನ ದೃಷ್ಟಿಯಲ್ಲಿ ಅದರ ಓದುಗ ಬೇರೆಯೇ. ನಮ್ಮ ಶಾಲೆಯನ್ನು ಹಿಂದೆಂದೂ ನೋಡದ ಅಗ್ನಿಶಾಮಕ ಸಿಬ್ಬಂದಿಯೊಬ್ಬರು, ಹೊಗೆ ತುಂಬಿದ ಕಟ್ಟಡದ ಮುಂದೆ ಬಂದಿಳಿದಾಗ, ಮೇನ್ ಸ್ವಿಚ್ ಎಲ್ಲಿದೆ, ಬಿಸಿಯೂಟದ ಅಡುಗೆಮನೆಯ ಗ್ಯಾಸ್ ಸಿಲಿಂಡರುಗಳು ಯಾವ ಗೋಡೆಯ ಹಿಂದಿವೆ, ಮೇಲಿನ ಮಹಡಿಯಲ್ಲಿ ಆ ಹೊತ್ತಿಗೆ ಎಷ್ಟು ಮಕ್ಕಳಿರಬಹುದು, ಇಳಿಯಲು ಎರಡನೆಯ ದಾರಿ ಯಾವುದು ಎಂಬುದನ್ನು ಒಂದೆರಡು ನಿಮಿಷದಲ್ಲಿ ತಿಳಿದುಕೊಳ್ಳಬೇಕಾಗುತ್ತದೆ. ಆದ್ದರಿಂದ ಅಲ್ಲಿರುವುದು ಇಂದಿನ ಕಟ್ಟಡದ ನಿಜಸ್ಥಿತಿಯಾಗಿರಬೇಕು.

ಈ ನಿಜಸ್ಥಿತಿಯ ವಿಚಾರದಲ್ಲೇ ಹೆಚ್ಚು ಕೆಲಸವಿದೆ. ಪುರಸಭೆಯಿಂದ ಅನುಮೋದನೆಯಾದ ನಮ್ಮ ನಕ್ಷೆಯಲ್ಲಿ ಕಂಪ್ಯೂಟರ್ ಕೊಠಡಿಯೇ ಇಲ್ಲ, ಏಕೆಂದರೆ ಅದು ಆಗ ಜಗುಲಿಯಾಗಿತ್ತು. ಪ್ರಯೋಗಾಲಯವೆಂದು ಗುರುತಿಸಿದ ಕಡೆ ಈಗ ಏಳನೆಯ ತರಗತಿ ನಡೆಯುತ್ತಿದೆ. ಕಳ್ಳತನದ ಭಯದಿಂದ ಕಿಟಕಿಗಳಿಗೆ ಹಾಕಿಸಿದ ಗ್ರಿಲ್ ನಕ್ಷೆಯಲ್ಲಿಲ್ಲ. ಇವೆಲ್ಲ ಒಂದೊಂದು ಕಾಲದ ಅಗತ್ಯಕ್ಕೆ ತಕ್ಕಂತೆ ಸೇರಿಕೊಂಡವು. ಹಳೆಯ ನಕ್ಷೆಯ ಪ್ರತಿಯನ್ನು ಲಗತ್ತಿಸಿ ಸುಮ್ಮನಿರುವುದು ಸುಲಭ, ಆದರೆ ಗೋಡೆ ಇರುವಲ್ಲಿ ಬಾಗಿಲು ತೋರಿಸುವ ನಕ್ಷೆಗಿಂತ ನಕ್ಷೆ ಇಲ್ಲದಿರುವುದೇ ವಾಸಿ. ಹಾಗಾಗಿ ಪ್ರತಿ ಮಹಡಿಯನ್ನೂ ಹೊಸದಾಗಿ ಅಳೆದು, ಕೊಠಡಿಗಳ ಇಂದಿನ ಬಳಕೆ, ಗ್ರಿಲ್ ಇರುವ ಕಿಟಕಿಗಳು, ಬಾಗಿಲು ತೆರೆದುಕೊಳ್ಳುವ ದಿಕ್ಕು, ಅಗ್ನಿನಂದಕಗಳ ಜಾಗ ಮತ್ತು ಅವುಗಳ ಮರುಭರ್ತಿಯ ದಿನಾಂಕ, ಸಂಪಿನ ಹಾಗೂ ಮೇಲಿನ ಟ್ಯಾಂಕಿನ ಅಳತೆ ಎಲ್ಲವನ್ನೂ ಗುರುತಿಸುತ್ತಿದ್ದೇವೆ. ಅನುಮೋದಿತ ನಕ್ಷೆಯಲ್ಲಿಲ್ಲದ ಭಾಗಗಳ ಕುರಿತು ಪುರಸಭೆಗೆ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸಲಾಗುವುದು.

ಪೂರ್ವದ ಮೆಟ್ಟಿಲಿನ ವಿಷಯವನ್ನು ತುಸು ವಿವರವಾಗಿ ಹೇಳಬೇಕು. ಶಾಲೆಗಳಲ್ಲಿ ಮೆಟ್ಟಿಲು ಕನಿಷ್ಠ 1.5 ಮೀಟರ್ ಅಗಲವಿರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಗೋಡೆಯಿಂದ ಕಂಬಿಯವರೆಗೆ ಅಳೆದರೆ ನಮ್ಮ ಪೂರ್ವದ ಮೆಟ್ಟಿಲು ಅಷ್ಟು ಅಗಲವಿದೆ. ಆದರೆ ತಿರುವಿನಲ್ಲಿ ಜೋಡಿಸಿಟ್ಟಿದ್ದ ಮುರಿದ ಬೆಂಚುಗಳನ್ನು ಲೆಕ್ಕಕ್ಕೆ ಹಿಡಿದರೆ ಇಬ್ಬರು ಮಕ್ಕಳು ಒಟ್ಟಿಗೆ ಇಳಿಯಲಾಗುತ್ತಿರಲಿಲ್ಲ. ಬೆಂಚುಗಳನ್ನೂ, ಮೆಟ್ಟಿಲಿನ ಕೆಳಗಿದ್ದ ಕ್ರೀಡಾ ಮ್ಯಾಟು ಮತ್ತು ಹಳೆಯ ಉತ್ತರ ಪತ್ರಿಕೆಗಳ ಮೂಟೆಗಳನ್ನೂ ತೆರವುಗೊಳಿಸಲಾಗಿದೆ. ಆ ಮೆಟ್ಟಿಲಿನ ಬುಡದ ಕೊಲ್ಯಾಪ್ಸಿಬಲ್ ಗೇಟಿಗೆ ಶಾಲೆ ನಡೆಯುವ ವೇಳೆಯಲ್ಲಿ ಇನ್ನು ಮುಂದೆ ಬೀಗ ಹಾಕುವುದಿಲ್ಲ. ಮಕ್ಕಳು ಹೊರಗೆ ಓಡಿಹೋದಾರೆಂಬ ಆತಂಕ ಕೆಲವು ಪೋಷಕರಲ್ಲಿರುವುದು ನನಗೆ ಗೊತ್ತಿದೆ. ಅದಕ್ಕೆ ಬೀಗದ ಬದಲು ಅಲ್ಲೊಬ್ಬ ಸಿಬ್ಬಂದಿಯನ್ನು ನಿಯೋಜಿಸಲಾಗಿದೆ.

ಬೀಗದ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟು ಏಕೆಂದು ಕೇಳುವವರಿಗೆ ಎರಡು ಘಟನೆಗಳನ್ನು ನೆನಪಿಸುತ್ತೇನೆ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯೊಂದರಲ್ಲಿ ಅಡುಗೆಮನೆಯ ಬೆಂಕಿ ಗರಿಯ ಚಾವಣಿಗೆ ಹತ್ತಿ, ಇಕ್ಕಟ್ಟಾದ ಮೆಟ್ಟಿಲಿನಲ್ಲಿ ಇಳಿಯಲಾಗದೆ 94 ಮಕ್ಕಳು ತೀರಿಕೊಂಡರು. ಆ ದುರಂತದ ನಂತರ ಸಲ್ಲಿಕೆಯಾದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ 2009ರ ಏಪ್ರಿಲ್ 13ರಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪು, ಅಗ್ನಿನಂದಕಗಳನ್ನು ಅಳವಡಿಸುವುದನ್ನೂ ಅವುಗಳ ಬಳಕೆಯಲ್ಲಿ ಸಿಬ್ಬಂದಿಗೆ ತರಬೇತಿ ಕೊಡುವುದನ್ನೂ ದೇಶದ ಎಲ್ಲ ಶಾಲೆಗಳಿಗೆ ಕಡ್ಡಾಯಗೊಳಿಸಿತು. ನಮ್ಮ ಬೆಂಗಳೂರಿನಲ್ಲೇ 2010ರ ಫೆಬ್ರುವರಿ 23ರಂದು ಕಾರ್ಲ್‌ಟನ್ ಟವರ್ಸ್ ಎಂಬ ಬಹುಮಹಡಿ ಕಟ್ಟಡದ ಬೆಂಕಿ ಅವಘಡದಲ್ಲಿ ಒಂಬತ್ತು ಜನ ಜೀವ ಕಳೆದುಕೊಂಡಾಗ, ವಿದ್ಯುತ್ ತಂತಿಗಳು ಹಾದುಹೋಗುವ ಡಕ್ಟಿನಿಂದ ಹಬ್ಬಿದ ಹೊಗೆಯಷ್ಟೇ ಮುಚ್ಚಿದ್ದ ಹೊರದಾರಿಗಳೂ ಕಾರಣವಾಗಿದ್ದವು.

ಇನ್ನು ತಮ್ಮಿಂದ ಆಗಬೇಕಾದದ್ದು. ಅಗ್ನಿಶಾಮಕ ವಾಹನ ಶಾಲೆಯವರೆಗೆ ಬರುವ ದಾರಿಯನ್ನು ನಿವೇಶನ ನಕ್ಷೆಯಲ್ಲಿ ತೋರಿಸಬೇಕು. ಬೆಳ್ಳಿಹಬ್ಬದ ನೆನಪಿಗೆ ಕಟ್ಟಿಸಿದ ಮುಂಬಾಗಿಲ ಕಮಾನಿನ ಎತ್ತರವನ್ನು ಅಳೆದು ಬರೆದಿದ್ದೇವೆ. ವಾಹನ ಅದರಡಿ ದಾಟಲಾರದೆಂದು ಅಧಿಕಾರಿಗಳು ಹೇಳಿದರೆ ಹಿಂದಿನ ಗೇಟೇ ಗತಿ. ಆದರೆ ಬೆಳಿಗ್ಗೆ ಮತ್ತು ಸಂಜೆ ಆ ಹಿಂದಿನ ಗೇಟಿನ ಎದುರು ತಮ್ಮ ಬೈಕುಗಳು, ಶಾಲಾ ಆಟೋಗಳು, ಸಂತೆಯ ದಿನ ಅದರ ಜೊತೆಗೆ ತರಕಾರಿ ಗಾಡಿಗಳು ನಿಂತಿರುತ್ತವೆ. ಗಾಡಿಯವರೊಡನೆ ಪುರಸಭೆಯ ಮೂಲಕ ಮಾತನಾಡುತ್ತಿದ್ದೇನೆ. ತಮ್ಮ ವಾಹನಗಳನ್ನು ದಯವಿಟ್ಟು ಗ್ರಂಥಾಲಯದ ಪಕ್ಕದ ಬಯಲಿನಲ್ಲಿ ನಿಲ್ಲಿಸಿ, ಅಲ್ಲಿಂದ ನಡೆದು ಬನ್ನಿ. ಮಳೆಗಾಲದಲ್ಲಿ ಇದು ತೊಂದರೆಯೇ, ಅಲ್ಲವೆನ್ನುವುದಿಲ್ಲ.

ಎರಡನೆಯದು ಮಕ್ಕಳ ಮಾಹಿತಿ. ನಡೆಯಲು ಆಸರೆ ಬೇಕಾದ, ಕಿವಿ ಸರಿಯಾಗಿ ಕೇಳಿಸದ, ಉಬ್ಬಸ ಅಥವಾ ಮೂರ್ಛೆಯ ತೊಂದರೆಯಿರುವ ಮಕ್ಕಳನ್ನು ಗಂಟೆ ಬಾರಿಸಿದ ಕೂಡಲೇ ಕರೆದೊಯ್ಯಲು ಒಬ್ಬೊಬ್ಬ ಶಿಕ್ಷಕರನ್ನು ಹೆಸರಿಟ್ಟು ನೇಮಿಸಬೇಕಿದೆ. ಇಂಥ ವಿವರಗಳನ್ನು ಹೇಳಿಕೊಳ್ಳಲು ಕೆಲವರು ಹಿಂಜರಿಯುತ್ತಾರೆ, ಅದರಲ್ಲೂ ಹೆಣ್ಣುಮಕ್ಕಳ ತಂದೆತಾಯಂದಿರು. ಇಲಾಖೆಗೆ ಹೋಗುವ ದಾಖಲೆಯಲ್ಲಿ ಯಾವ ಕೊಠಡಿಯಲ್ಲಿ ಎಷ್ಟು ಮಕ್ಕಳಿಗೆ ನೆರವು ಬೇಕು ಎಂಬ ಸಂಖ್ಯೆಯಷ್ಟೇ ಇರುತ್ತದೆ. ಹೆಸರು ಮತ್ತು ತೊಂದರೆಯ ವಿವರ ತರಗತಿ ಶಿಕ್ಷಕರು, ನೇಮಕಗೊಂಡ ಶಿಕ್ಷಕರು ಮತ್ತು ನನ್ನ ಬಳಿ ಮಾತ್ರ ಉಳಿಯುತ್ತದೆ. ಕಾಲು ಮುರಿದು ಪ್ಲಾಸ್ಟರ್ ಹಾಕಿಸಿಕೊಂಡ ಮಗುವಾದರೂ ಆ ಅವಧಿಗೆ ತಿಳಿಸಿ, ತರಗತಿಯನ್ನೇ ನೆಲಮಹಡಿಗೆ ಬದಲಿಸೋಣ.

ಮೂರನೆಯದು ಹೇಳಲು ಸುಲಭ, ಪಾಲಿಸಲು ಕಷ್ಟ. ಶಾಲೆಯಲ್ಲಿ ಅವಘಡವಾಯಿತೆಂದು ಕೇಳಿದೊಡನೆ ಯಾವ ತಾಯಿ ತಂದೆಯರೂ ಮನೆಯಲ್ಲಿ ಕೂರಲಾರರು. ಆದರೆ ನೂರಾರು ಜನ ಒಮ್ಮೆಲೇ ಗೇಟಿಗೆ ನುಗ್ಗಿದರೆ ಅಗ್ನಿಶಾಮಕ ವಾಹನ ಒಳಗೆ ಬರಲಾಗುವುದಿಲ್ಲ, ಯಾವ ಮಗು ಯಾರ ಜೊತೆ ಹೋಯಿತೆಂಬ ಲೆಕ್ಕವೂ ಸಿಗುವುದಿಲ್ಲ. ಲೆಕ್ಕ ಸಿಗದ ಮಗುವನ್ನು ಹುಡುಕಲು ಸಿಬ್ಬಂದಿ ಮತ್ತೆ ಹೊಗೆಯೊಳಗೆ ಹೋಗಬೇಕಾಗುತ್ತದೆ. ಆದಕಾರಣ ಮಕ್ಕಳು ಆಟದ ಮೈದಾನದಲ್ಲಿ ತರಗತಿವಾರು ಸೇರುತ್ತಾರೆ, ಪೋಷಕರು ಗ್ರಂಥಾಲಯದ ಬಯಲಿನಲ್ಲಿ ಸೇರಬೇಕು, ಹಾಜರಿ ಮುಗಿದ ಮೇಲೆ ಸಹಿ ಪಡೆದು ಮಕ್ಕಳನ್ನು ಅಲ್ಲಿಗೇ ಕಳುಹಿಸಲಾಗುತ್ತದೆ ಎಂದು ದಾಖಲೆಯಲ್ಲಿ ಬರೆಯುತ್ತಿದ್ದೇವೆ. ಮುಂದಿನ ತಿಂಗಳ ಮೊದಲ ಶನಿವಾರ ಬೆಳಿಗ್ಗೆ ಇದರ ಅಣಕು ಕಾರ್ಯಾಚರಣೆ ನಡೆಯಲಿದ್ದು, ಅಂದು ಗಂಟೆಯ ಸದ್ದು ಕೇಳಿ ಯಾರೂ ಗಾಬರಿಯಾಗಬೇಕಿಲ್ಲ.

ವಾರ್ಷಿಕೋತ್ಸವದ ಬಗ್ಗೆಯೂ ಒಂದು ಮಾತು. 1995ರ ಡಿಸೆಂಬರ್ 23ರಂದು ಹರಿಯಾಣದ ಡಬ್ವಾಲಿಯಲ್ಲಿ ಶಾಲಾ ಸಮಾರಂಭದ ಶಾಮಿಯಾನಕ್ಕೆ ಬೆಂಕಿ ಬಿದ್ದು 400ಕ್ಕೂ ಹೆಚ್ಚು ಜನ ಸತ್ತರು. ಈ ವರ್ಷ ನಮ್ಮ ಕಾರ್ಯಕ್ರಮ ಬಯಲು ವೇದಿಕೆಯಲ್ಲಿ, ಸುತ್ತಲೂ ಪರದೆ ಕಟ್ಟದೆ ನಡೆಯುತ್ತದೆ. ಶೋಭೆ ಕಡಿಮೆಯೆನಿಸಿದರೆ ಕ್ಷಮಿಸಿ.

ಈ ಕೆಲಸಕ್ಕೆ ಪೋಷಕರಿಂದ ಹಣ ಸಂಗ್ರಹಿಸುವುದಿಲ್ಲ. ಯಾರಾದರೂ ಶಾಲೆಯ ಹೆಸರಿನಲ್ಲಿ ಕೇಳಿದರೆ ಕೊಡದೆ ನನಗೆ ತಿಳಿಸಿ. ತಮ್ಮಲ್ಲಿ ಸಿವಿಲ್ ಎಂಜಿನಿಯರರು ಅಥವಾ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿದ್ದರೆ, ಸಲ್ಲಿಕೆಗೆ ಮುನ್ನ ನಮ್ಮ ನಕ್ಷೆ ಮತ್ತು ವಯರಿಂಗ್ ವಿವರಗಳ ಮೇಲೊಮ್ಮೆ ಕಣ್ಣಾಡಿಸಿದರೆ ಉಪಕಾರವಾಗುತ್ತದೆ. ಇದರೊಂದಿಗಿರುವ ನಮೂನೆಯಲ್ಲಿ ಮಗುವಿನ ಆರೋಗ್ಯ ವಿವರ, ಹಗಲು ಹೊತ್ತು ಕರೆ ಸ್ವೀಕರಿಸುವ ಎರಡು ಮೊಬೈಲ್ ಸಂಖ್ಯೆಗಳು, ತಮ್ಮ ಹೊರತು ಮಗುವನ್ನು ಕರೆದೊಯ್ಯಬಹುದಾದ ಒಬ್ಬರ ಹೆಸರು ಇವಿಷ್ಟನ್ನು ತುಂಬಿ, ಲಕೋಟೆಯಲ್ಲಿಟ್ಟು ಅಂಟಿಸಿ, ಬರುವ ಶುಕ್ರವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಬೇಕಾಗಿ ವಿನಂತಿ. ಬರೆಯಲು ಅನುಕೂಲವಿಲ್ಲದವರು ಯಾವುದೇ ದಿನ ಸಂಜೆ ನಾಲ್ಕೂವರೆಯ ನಂತರ ಕಚೇರಿಗೆ ಬಂದರೆ ನಾವೇ ಕೇಳಿ ಬರೆದುಕೊಳ್ಳುತ್ತೇವೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು