ಸದ್ದು ಮಾಡದ ಕೂಲಿಂಗ್ ಫ್ಯಾನ್ ಎಂದು ನಂಬಿಸಿ ಮಾರಿದ್ದರ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ಡೆಸ್ಕ್‌ಟಾಪ್ ಕಂಪ್ಯೂಟರಿನ 120 ಮಿ.ಮೀ. ಫ್ಯಾನಿನ ಪೆಟ್ಟಿಗೆಯ ಮೇಲಿರುವ ದಾರಿ ತಪ್ಪಿಸುವ ಅಂಕಿಗಳು ಮತ್ತು ಮೋಟಾರಿನ ದೋಷ

ಮಾನ್ಯರೇ,

ನಿಮ್ಮ ಫ್ಯಾನನ್ನು ನಾನು ಕೊಂಡದ್ದು ಅದು ಸದ್ದು ಮಾಡುವುದಿಲ್ಲ ಎಂಬ ಒಂದೇ ಕಾರಣಕ್ಕೆ. ನನ್ನದು ಧ್ವನಿಮುದ್ರಣದ ಕೆಲಸ. ಕಂಪ್ಯೂಟರ್ ಮೈಕಿನ ಪಕ್ಕದಲ್ಲೇ ಇರುತ್ತದೆ. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರಗಳಲ್ಲಿ '18 ಡೆಸಿಬೆಲ್' ಎಂದಿತ್ತು. ಪಕ್ಕದಲ್ಲೇ 1500 ಆರ್‌ಪಿಎಂ (ನಿಮಿಷಕ್ಕೆ 1500 ಸುತ್ತು) ವೇಗ, ಆ ವೇಗದಲ್ಲಿ ಸಾಗುವ ಗಾಳಿಯ ಪ್ರಮಾಣ. ಯಾರೇ ಓದಿದರೂ ಇವೆಲ್ಲ ಒಂದೇ ವೇಗದ ಅಂಕಿಗಳೆಂದು ತಿಳಿಯುತ್ತಾರೆ. ಸದ್ದನ್ನು ಅಳೆದದ್ದು 700 ಆರ್‌ಪಿಎಂನಲ್ಲಿ ಎಂಬುದು ಮಾತ್ರ ಒಳಗಿನ ಮಡಿಸಿದ ಹಾಳೆಯ ಕೊನೆಯ ಸಾಲಿನಲ್ಲಿ, ಕಷ್ಟಪಟ್ಟು ಓದಬೇಕಾದಷ್ಟು ಸಣ್ಣದಾಗಿ ಅಚ್ಚಾಗಿದೆ.

ಗಾಳಿಗೆ ಗರಿಷ್ಠ ವೇಗ, ಸದ್ದಿಗೆ ಕನಿಷ್ಠ ವೇಗ! ಇದು ಕೊಳ್ಳುವವರ ಕಣ್ಣಿಗೆ ಮಣ್ಣೆರಚುವ ಕೆಲಸ. ವೇಗ ಇಮ್ಮಡಿಯಾದರೆ ಸದ್ದು ಸುಮಾರು 15 ಡೆಸಿಬೆಲ್ ಏರುತ್ತದೆಂಬುದು ಫ್ಯಾನ್ ತಯಾರಿಸುವ ನಿಮಗೆ ತಿಳಿಯದ ಸಂಗತಿಯೇನಲ್ಲ. ಆ ಲೆಕ್ಕದಲ್ಲಿ ಪೂರ್ಣ ವೇಗದ ಸದ್ದು 34 ಡೆಸಿಬೆಲ್ ಆಸುಪಾಸು. 10 ಡೆಸಿಬೆಲ್ ಹೆಚ್ಚಿದರೇ ಕಿವಿಗೆ ಸದ್ದು ಹೆಚ್ಚುಕಡಿಮೆ ಎರಡು ಪಟ್ಟಾಗಿ ಕೇಳುತ್ತದೆ. ಎಷ್ಟು ದೂರದಿಂದ ಅಳೆದಿರಿ ಎಂಬುದನ್ನಂತೂ ಎಲ್ಲಿಯೂ ಹೇಳಿಲ್ಲ.

ಹೋಗಲಿ, ಕಡಿಮೆ ವೇಗದಲ್ಲಾದರೂ ಸುಮ್ಮನಿದೆಯೇ ಎಂದರೆ ಅದೂ ಇಲ್ಲ. ಮದರ್‌ಬೋರ್ಡಿನ ಪಿಡಬ್ಲ್ಯೂಎಂ ನಿಯಂತ್ರಣದಲ್ಲಿ, ಅಂದರೆ ಮೋಟಾರಿಗೆ ಹೋಗುವ ವಿದ್ಯುತ್ತನ್ನು ಬೇಗಬೇಗನೆ ಕಡಿದು ಕೊಡುವ ವಿಧಾನದಲ್ಲಿ, ವೇಗ ತಗ್ಗಿಸಿದಾಗ ರೆಕ್ಕೆಗಳ ಸದ್ದು ಅಡಗಿ, ಮೋಟಾರಿನ ಟಿಕ್ ಟಿಕ್ ಕೇಳತೊಡಗುತ್ತದೆ. ಕ್ಯಾಬಿನೆಟ್ಟಿನ ಕಂಪನವಿರಬಹುದೆಂದು ಸ್ಕ್ರೂ ತೆಗೆದು ರಬ್ಬರ್ ಪಿನ್ ಹಾಕಿದೆ, ಬದಲಾಗಲಿಲ್ಲ. ಫ್ಯಾನನ್ನು ಹೊರತೆಗೆದು, ಚೌಕಟ್ಟಿನ ಒಂದು ಮೂಲೆಯನ್ನು ಎರಡು ಬೆರಳುಗಳಲ್ಲಿ ಹಿಡಿದು ಓಡಿಸಿದಾಗ ಪ್ರತಿ ಟಿಕ್‌ಗೂ ಬೆರಳ ತುದಿಗೆ ಸಣ್ಣ ಅದುರು ತಾಗಿತು. ವೋಲ್ಟೇಜ್ ಇಳಿಸಿ ಅದೇ ವೇಗದಲ್ಲಿ ಓಡಿಸಿದರೆ ಆ ಸದ್ದು ಮಾಯ. ಹಾಗಾಗಿ ಬೇರಿಂಗನ್ನು ದೂರುವಂತಿಲ್ಲ, ದೋಷವಿರುವುದು ಮೋಟಾರನ್ನು ನಿಯಂತ್ರಿಸುವ ನಿಮ್ಮ ಸರ್ಕ್ಯೂಟಿನಲ್ಲಿ. ಒಂದೇ ಸಮನೆ ಬೀಸುವ ಗಾಳಿಯ ಸದ್ದಿಗೆ ಕಿವಿ ಒಗ್ಗಿಕೊಳ್ಳುತ್ತದೆ. ಈ ಟಿಕ್ ಟಿಕ್‌ಗೆ ಒಗ್ಗುವುದಿಲ್ಲ, ಮುದ್ರಿಸಿದ ಧ್ವನಿಯಲ್ಲಂತೂ ಅದು ಮಾತಿನ ನಡುನಡುವೆ ಎದ್ದು ಕೇಳುತ್ತದೆ.

ಇಷ್ಟನ್ನೂ ವಿವರಿಸಿ ಬರೆದರೆ ನಿಮ್ಮ ಸಹಾಯ ವಿಭಾಗದಿಂದ ಬಂದ ಉತ್ತರ: 'ಸ್ವಲ್ಪ ಸದ್ದು ಸಹಜ, ವೇಗ ಕಡಿಮೆ ಮಾಡಿ ನೋಡಿ.' ನನ್ನ ಪತ್ರವನ್ನು ಓದಿದವರು ಹೀಗೆ ಬರೆಯಲು ಸಾಧ್ಯವೇ ಇಲ್ಲ.

ಫ್ಯಾನನ್ನು ಹಿಂದಕ್ಕೆ ಪಡೆದು ಪೂರ್ತಿ ಹಣ ಮರಳಿಸಿ. ಬದಲಿ ಫ್ಯಾನ್ ಬೇಡ. ಅದೇ ಸರ್ಕ್ಯೂಟ್ ಇರುವ ಇನ್ನೊಂದನ್ನು ಕಟ್ಟಿಕೊಂಡು ನಾನೇನು ಮಾಡಲಿ? ಜೊತೆಗೆ, ಕನಿಷ್ಠ ಮತ್ತು ಗರಿಷ್ಠ ವೇಗಗಳೆರಡರ ಸದ್ದನ್ನೂ, ಅಳೆದ ದೂರದ ಸಮೇತ, ಪೆಟ್ಟಿಗೆಯ ಮೇಲೆ ಗಾಳಿಯ ಅಂಕಿಯಷ್ಟೇ ದೊಡ್ಡದಾಗಿ ಮುದ್ರಿಸಿ.

ಖರೀದಿ ರಸೀದಿ, ಪೆಟ್ಟಿಗೆ ಮತ್ತು ಹಾಳೆಯ ಫೋಟೊಗಳು, ಟಿಕ್ ಟಿಕ್ ಸದ್ದಿನ ಧ್ವನಿಮುದ್ರಣ ಲಗತ್ತಿಸಿದ್ದೇನೆ. 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ಗ್ರಾಹಕ ನ್ಯಾಯಾಲಯದ ಮೊರೆ ಹೋಗುತ್ತೇನೆ.

ಇಂತಿ,
ನಿಮ್ಮ ಗ್ರಾಹಕ